‘ಲೂಯಿ ಲೂಯಿ’ ಹಾಡು ಮತ್ತು ಅದರ ಸಾವಿರಾರು ಕವರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಅಮೆರಿಕನ್ ಹಾಡುಗಳ ರುಚಿ ಹತ್ತಿದವರಿಗೆ ‘ಲೂಯಿ ಲೂಯಿ’ ಇವತ್ತಲ್ಲ ನಾಳೆ ಕಿವಿಗೆ ಬಿದ್ದೇ ಬೀಳುತ್ತದೆ, ಮೂಲ ರೆಕಾರ್ಡ್ ಅಲ್ಲದಿದ್ದರೆ ಯಾವುದಾದರೂ ಕವರ್, ಅಂದರೆ ಬೇರೆಯವರು ಮತ್ತೆ ಹಾಡಿದ ರೆಕಾರ್ಡ್. ಬಿದ್ದ ಮೇಲೆ ಪ್ರಶ್ನೆಗಳೂ ಶುರುವಾಗುತ್ತವೆ. ಇವರು ಏನು ಹಾಡುತ್ತಿದ್ದಾರೆ? ಬರೆದವರು ಯಾರು? ಇದರ ಮೇಲೆ ಪೊಲೀಸ್ ತನಿಖೆ ಆಗಿತ್ತಂತೆ, ಹೌದಾ? ಜಾಸ್ತಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಓದುವ ಮೊದಲು ಒಂದು ಕೆಲಸ ಮಾಡಿ: ರಿಚರ್ಡ್ ಬೆರಿ 1957ರಲ್ಲಿ ಹಾಡಿದ ಮೂಲ ರೆಕಾರ್ಡನ್ನು ಒಂದು ಸಲ ಪೂರ್ತಿ ಕೇಳಿ. ಈ ಹಾಡಿನ ಬಗ್ಗೆ ಹಬ್ಬಿರುವ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಇದು ಯಾರ ಹಾಡು?

ರಿಚರ್ಡ್ ಬೆರಿ ಅವರದು. ಬರೆದವರೂ ಅವರೇ, ಮೊದಲು ಹಾಡಿದವರೂ ಅವರೇ. ಹುಟ್ಟಿದ್ದು 1935ರ ಏಪ್ರಿಲ್ 11ರಂದು, ಲೂಯಿಸಿಯಾನಾದಲ್ಲಿ. ಬೆಳೆದದ್ದು ಲಾಸ್ ಏಂಜಲಿಸ್‌ನಲ್ಲಿ. ಹೈಸ್ಕೂಲಿನಲ್ಲಿದ್ದಾಗಲೇ ಕಪ್ಪು ಜನರ ಹಾಡಿನ ತಂಡಗಳಲ್ಲಿ ಹಾಡುತ್ತಿದ್ದರು. ತುಂಬಾ ಒಳ್ಳೆಯ ದಪ್ಪ ದನಿ. 1954ರಲ್ಲಿ ರಾಬಿನ್ಸ್ ತಂಡದ ‘ರಯಟ್ ಇನ್ ಸೆಲ್ ಬ್ಲಾಕ್ ನಂಬರ್ ನೈನ್’ ಹಾಡಿನಲ್ಲಿ ಕೇಳುವ ಆ ಗಡಸು ದನಿ ಅವರದೇ, ಆದರೆ ರೆಕಾರ್ಡಿನ ಮೇಲೆ ಅವರ ಹೆಸರಿಲ್ಲ. ಎಟಾ ಜೇಮ್ಸ್ ಅವರ ಮೊದಲ ಹಿಟ್ ‘ದಿ ವಾಲ್‌ಫ್ಲವರ್’ನಲ್ಲಿ ಆಕೆಗೆ ಉತ್ತರ ಕೊಡುವ ಹೆನ್ರಿ ಕೂಡ ಇವರೇ. ಅಂದರೆ ‘ಲೂಯಿ ಲೂಯಿ’ಗಿಂತ ಮೊದಲೇ ಅಮೆರಿಕದ ಜನ ಇವರನ್ನು ಕೇಳಿದ್ದರು, ಹೆಸರು ಮಾತ್ರ ಗೊತ್ತಿರಲಿಲ್ಲ.

ಹಾಡಿನಲ್ಲಿ ಇರೋದಾದರೂ ಏನು?

ಒಬ್ಬ ನಾವಿಕನ ಹಂಬಲ, ಅಷ್ಟೇ. ಅವನು ಬಾರಿನಲ್ಲಿ ಕೂತು, ಮದ್ಯ ಸುರಿದುಕೊಡುವ ಲೂಯಿ ಎಂಬವನ ಹತ್ತಿರ ಮನಸ್ಸು ಬಿಚ್ಚುತ್ತಾನೆ. ದೂರದಲ್ಲಿ ನನ್ನ ಹುಡುಗಿ ಕಾಯುತ್ತಿದ್ದಾಳೆ, ಹಗಲು ರಾತ್ರಿ ಹಡಗಿನಲ್ಲಿ ಹೋಗಿ ಅವಳನ್ನು ಸೇರಬೇಕು, ನಾನು ಹೊರಡಬೇಕು ಎನ್ನುತ್ತಾನೆ. ಜಮೈಕಾದ ಬೆಳದಿಂಗಳು ಬರುತ್ತದೆ, ಅವಳ ಕೂದಲಿನ ಗುಲಾಬಿಯ ಪರಿಮಳ ಬರುತ್ತದೆ. ಮನೆಮಂದಿಯೆಲ್ಲ ಕೂತು ಕೇಳಬಹುದಾದ ಹಾಡು. ಇದೇ ಮುಂದೆ ಅಶ್ಲೀಲ ಅನ್ನಿಸಿಕೊಂಡಿತು. ಆ ಕಥೆ ಕೆಳಗಿದೆ.

ಟ್ಯೂನ್ ಬೇರೆ ಕಡೆಯಿಂದ ಎತ್ತಿದ್ದು ಅಂತಾರೆ. ನಿಜವೇ?

ಮೊದಲಿಗೆ ಬರುವ ಆ ಹತ್ತು ಏಟಿನ ತುಣುಕು ಕ್ಯೂಬಾ ಮೂಲದ ರೆನೆ ತೂಸೆ ಅವರ ‘ಎಲ್ ಲೋಕೋ ಚಾ ಚಾ’ದಿಂದ ಬಂದದ್ದು. ಬೆರಿ ಆಗ ಲಾಸ್ ಏಂಜಲಿಸ್ ಹತ್ತಿರದ ಅನಹೈಮ್‌ನಲ್ಲಿ ರಿದಮ್ ರಾಕರ್ಸ್ ಎಂಬ ಲ್ಯಾಟಿನ್ ತಂಡದ ಜೊತೆ ಹಾಡುತ್ತಿದ್ದರು. ಆ ತಂಡ ವೇದಿಕೆಯಲ್ಲಿ ಈ ಚಾ ಚಾ ನುಡಿಸುತ್ತಿತ್ತು. ಅದು ಕಿವಿಗೆ ಬಿದ್ದದ್ದೇ ತಡ, ಬೆರಿ ಅದರ ಮೇಲೆ ಪದ ಕೂರಿಸಿದರು. ಕಾಗದ ಸಿಗದೆ ಟಾಯ್ಲೆಟ್ ಪೇಪರ್ ಮೇಲೆ ಬರೆದುಕೊಂಡೆ ಎಂದು ಆಮೇಲೆ ಹೇಳುತ್ತಿದ್ದರು. ನಾವಿಕನ ಮಾತಿನ ಕೆರಿಬಿಯನ್ ಧಾಟಿಗೆ ಚಕ್ ಬೆರಿ ಅವರ ‘ಹವಾನಾ ಮೂನ್’ ದಾರಿ ತೋರಿಸಿತು. ಬಾರಿನವನ ಹತ್ತಿರ ಕಷ್ಟ ಹೇಳಿಕೊಳ್ಳುವ ಚೌಕಟ್ಟು ಫ್ರಾಂಕ್ ಸಿನಾಟ್ರಾ ಹಾಡಿ ಹೆಸರಾಗಿದ್ದ ‘ಒನ್ ಫಾರ್ ಮೈ ಬೇಬಿ’ಯದು.

ಇದನ್ನು ಕಳ್ಳತನ ಅನ್ನಲು ನನಗೆ ಮನಸ್ಸಿಲ್ಲ. ಕಪ್ಪು ಜನರ ಬೀದಿ ಹಾಡುಗಾರಿಕೆ, ಕ್ಯೂಬಾದ ಕುಣಿತ, ಜಮೈಕಾದ ಮಾತು ಮೂರೂ ಒಂದೇ ಊರಿನಲ್ಲಿ ಸಿಕ್ಕಿದ್ದು 1950ರ ದಶಕದ ಲಾಸ್ ಏಂಜಲಿಸ್‌ನಲ್ಲಿ. ಬೆರಿ ಆ ಊರಿನ ಮಗ.

ಇದು ರಾಕ್ ಹಾಡಲ್ವಾ? ರಿದಮ್ ಅಂಡ್ ಬ್ಲೂಸ್ ಅಂತ ಯಾಕೆ ಕರೀತಾರೆ?

ಬೆರಿಯವರ ರೆಕಾರ್ಡಿನಲ್ಲಿ ಗಿಟಾರ್ ಅಬ್ಬರವೇ ಇಲ್ಲ. ಫರೋಸ್ ಎಂಬ ತಂಡದವರು ಹಿಂದೆ ನಿಂತು ಆ ತುಣುಕನ್ನು ಬಾಯಲ್ಲೇ ಹಾಡುತ್ತಾರೆ. ಬೆರಿ ಅದರ ಮೇಲೆ ನಿಧಾನವಾಗಿ, ತೂಗಾಡಿಕೊಂಡು ಹಾಡುತ್ತಾರೆ. ಇದು ಅಪ್ಪಟ ರಿದಮ್ ಅಂಡ್ ಬ್ಲೂಸ್. ‘ಬಿಲ್‌ಬೋರ್ಡ್’ ಪತ್ರಿಕೆ ಕಪ್ಪು ಜನರ ಜನಪ್ರಿಯ ಸಂಗೀತಕ್ಕೆ 1949ರಲ್ಲಿ ಆ ಹೆಸರು ಕೊಟ್ಟಿತ್ತು. ರಾಕ್ ಆಗಿದ್ದು ಬೇರೆಯವರ ಕೈಗೆ ಹೋದ ಮೇಲೆ.

ಹಾಗಾದರೆ ಬೆರಿಯವರ ರೆಕಾರ್ಡ್ ಯಾಕೆ ಹಿಟ್ ಆಗಲಿಲ್ಲ?

ಫ್ಲಿಪ್ ಎಂಬ ಸಣ್ಣ ಕಂಪನಿ 1957ರಲ್ಲಿ ಇದನ್ನು ಹೊರತಂದಿತು. ಒಂದು ಮುಖದಲ್ಲಿ ‘ಯೂ ಆರ್ ಮೈ ಸನ್‌ಶೈನ್’. ಅದೇ ಓಡುತ್ತದೆ ಎಂದು ಕಂಪನಿಯ ಲೆಕ್ಕ. ‘ಲೂಯಿ ಲೂಯಿ’ ಹಿಂದಿನ ಮುಖದಲ್ಲಿತ್ತು. ಆದರೂ ಪಶ್ಚಿಮ ಕರಾವಳಿಯಲ್ಲಿ ಜನ ರೆಕಾರ್ಡ್ ಮಗುಚಿ ಇದನ್ನೇ ಹಾಕಿಸಿಕೊಂಡರು. ದೇಶದ ಜನಪ್ರಿಯ ಹಾಡುಗಳ ಪಟ್ಟಿಗೆ ಮಾತ್ರ ಅದು ಏರಲಿಲ್ಲ.

ಮತ್ತೆ ಅದನ್ನು ಉಳಿಸಿದ್ದು ಯಾರು?

ಅಮೆರಿಕದ ವಾಯವ್ಯ ಮೂಲೆಯ ಹುಡುಗರು. ಸಿಯಾಟಲ್, ಟಕೋಮಾ, ಪೋರ್ಟ್‌ಲ್ಯಾಂಡ್ ಊರುಗಳ ಕುಣಿತದ ಹಾಲ್‌ಗಳಲ್ಲಿ ಪ್ರತಿ ತಂಡವೂ ಇದನ್ನು ನುಡಿಸುತ್ತಿತ್ತು. ಟಕೋಮಾದ ವೇಲರ್ಸ್ ತಂಡದ ಜೊತೆ ರಾಕಿನ್ ರಾಬಿನ್ ರಾಬರ್ಟ್ಸ್ ಹಾಡಿದ ರೆಕಾರ್ಡ್ 1961ರಲ್ಲಿ ಬಂತು. ಹಾಡಿನ ಮೈಕಟ್ಟು ಬದಲಾದದ್ದು ಇಲ್ಲಿ. ಬಾಯಲ್ಲಿ ಹಾಡುತ್ತಿದ್ದ ತುಣುಕು ವಾದ್ಯಗಳ ಪಾಲಾಯಿತು, ಏಟು ಬಿಗಿಯಾಯಿತು. ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಸೋಲೋಗೆ ಮುಂಚೆ ‘ಈಗ ಕೊಡೋಣ ಇವರಿಗೆ’ ಎನ್ನುವ ಧಾಟಿಯಲ್ಲಿ ರಾಬರ್ಟ್ಸ್ ಒಂದು ಕೂಗು ಹಾಕಿದರು. ಆ ಕೂಗು ಬೆರಿಯವರಲ್ಲಿ ಇಲ್ಲ. ಇವತ್ತು ಯಾವುದೇ ಕವರ್‌ನಲ್ಲಿ ಅದು ಕೇಳಿದರೆ, ಅವರು ರಾಬರ್ಟ್ಸ್ ಕಡೆಯಿಂದ ಕಲಿತವರು ಅಂತ ತಿಳಿಯಿರಿ.

ಕಿಂಗ್ಸ್‌ಮೆನ್ ರೆಕಾರ್ಡಿನಲ್ಲಿ ಒಂದು ಮಾತೂ ಅರ್ಥ ಆಗೋದಿಲ್ಲ, ಯಾಕೆ?

ಕಿಂಗ್ಸ್‌ಮೆನ್ ಅಂದರೆ ಪೋರ್ಟ್‌ಲ್ಯಾಂಡ್‌ನ ಐದು ಹುಡುಗರು. ರಾಬರ್ಟ್ಸ್ ರೆಕಾರ್ಡನ್ನು ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯಾದ ಜೂಕ್‌ಬಾಕ್ಸ್‌ನಲ್ಲಿ ಜನ ಮತ್ತೆ ಮತ್ತೆ ಹಾಕಿಸಿ ಕುಣಿಯುವುದನ್ನು ನೋಡಿದ್ದರು. 1963ರ ಏಪ್ರಿಲ್ 6ರಂದು ಪೋರ್ಟ್‌ಲ್ಯಾಂಡ್‌ನ ಒಂದು ಚಿಕ್ಕ ಸ್ಟುಡಿಯೋಗೆ ಹೋದರು. ಹಿಂದಿನ ರಾತ್ರಿ ವೇದಿಕೆಯಲ್ಲಿ ಇದೇ ಹಾಡನ್ನು ಸುಮಾರು ಒಂದೂವರೆ ಗಂಟೆ ಬಿಡದೆ ನುಡಿಸಿ ಬಂದಿದ್ದರು. ಹಾಡುವ ಜ್ಯಾಕ್ ಈಲಿಯ ಗಂಟಲು ಕಟ್ಟಿತ್ತು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದರು. ಮೈಕನ್ನು ಚಾವಣಿ ಕಡೆಯಿಂದ ಇಳಿಬಿಟ್ಟಿದ್ದರು, ಅದು ತಲೆಗಿಂತ ಮೇಲಿತ್ತು. ಸುತ್ತಲೂ ಡ್ರಮ್, ಗಿಟಾರ್, ಆರ್ಗನ್ ಎಲ್ಲವೂ ಒಂದೇ ಕೋಣೆಯಲ್ಲಿ. ಈಲಿ ತುದಿಗಾಲಲ್ಲಿ ನಿಂತು, ತಲೆ ಮೇಲೆತ್ತಿ, ಆ ಗದ್ದಲದ ಮೇಲೆ ಕೂಗಿ ಹಾಡಿದರು. ಒಂದೇ ಟೇಕ್. ಖರ್ಚು ಸುಮಾರು 50 ಡಾಲರ್. ಹುಡುಗರಿಗೆ ಇನ್ನೊಮ್ಮೆ ಮಾಡುವ ಆಸೆ ಇತ್ತು, ಅವಕಾಶ ಸಿಗಲಿಲ್ಲ.

ಇಷ್ಟೆಲ್ಲ ಸೇರಿದರೆ ಪದ ಎಲ್ಲಿ ಕೇಳಬೇಕು? ಆದರೆ ನನ್ನ ಮಟ್ಟಿಗೆ ಆ ರೆಕಾರ್ಡಿನ ಜೀವ ಇರೋದೇ ಅಲ್ಲಿ. ಮುಂದೆ ಇವರಿಗಿಂತ ಚೆನ್ನಾಗಿ ಬಂದವರು ಹೊಳಪಿನ ಸ್ಟುಡಿಯೋಗಳಲ್ಲಿ ಇದನ್ನು ನುಡಿಸಿದರು. ಆ ಕೋಣೆಯ ಬಿಸಿ ಯಾರಿಗೂ ಮತ್ತೆ ಸಿಕ್ಕಿಲ್ಲ.

ಅದರಲ್ಲಿ ಒಂದು ತಪ್ಪು ಇದೆಯಂತೆ. ಎಲ್ಲಿದೆ?

ಗಿಟಾರ್ ಸೋಲೋ ಮುಗಿಯುವ ತನಕ ಕಾಯಿರಿ. ಹಾಡು ಎರಡು ನಿಮಿಷಕ್ಕೆ ಬರುವ ಸ್ವಲ್ಪ ಮುಂಚೆ ಈಲಿ ಮೂರನೇ ಚರಣವನ್ನು ಬೇಗ ಎತ್ತಿಕೊಳ್ಳುತ್ತಾರೆ. ಉಳಿದವರು ಇನ್ನೂ ಹಿಂದಿದ್ದಾರೆ. ತಕ್ಷಣ ಗೊತ್ತಾಗಿ ನಿಲ್ಲಿಸುತ್ತಾರೆ. ಆ ಖಾಲಿ ಜಾಗವನ್ನು ಡ್ರಮ್ಮರ್ ಲಿನ್ ಈಸ್ಟನ್ ಒಂದು ಜೋರು ಉರುಳಿಕೆಯಿಂದ ತುಂಬುತ್ತಾರೆ. ಆಮೇಲೆ ಚರಣ ಸರಿಯಾದ ಕಡೆ ಶುರುವಾಗುತ್ತದೆ. ತಮಾಷೆ ಏನೆಂದರೆ, ಈ ರೆಕಾರ್ಡ್ ಕೇಳಿ ಕಲಿತ ಎಷ್ಟೋ ತಂಡಗಳು ಆ ತಪ್ಪನ್ನೂ ಸೇರಿಸಿಯೇ ನುಡಿಸಿದವು.

ಇನ್ನೊಂದು ಜಾಗ 54ನೇ ಸೆಕೆಂಡಿನ ಸುತ್ತಮುತ್ತ. ಡ್ರಮ್ ಕೋಲು ಎಡವಟ್ಟಾಗಿ ಈಸ್ಟನ್ ಬಾಯಿಂದ ಒಂದು ಬೈಗುಳ ಹಾರಿದ್ದು ಹಿಂದೆ ಸಣ್ಣಗೆ ಕೇಳುತ್ತದೆ. ಈ ರೆಕಾರ್ಡಿನಲ್ಲಿ ಕೆಟ್ಟ ಮಾತು ಅಂತ ಇದ್ದರೆ ಅದೊಂದೇ. ಅದೂ ಹಾಡಿನ ಸಾಲಲ್ಲ.

ಎಫ್‌ಬಿಐ ನಿಜವಾಗಿಯೂ ಒಂದು ಹಾಡಿನ ಬಗ್ಗೆ ತನಿಖೆ ಮಾಡಿತ್ತಾ?

ಮಾಡಿತ್ತು. ಕಡತ ಇವತ್ತು ಯಾರು ಬೇಕಾದರೂ ಓದಬಹುದು, ನೂರಕ್ಕೂ ಹೆಚ್ಚು ಪುಟ ಇದೆ.

ಪದ ಅರ್ಥವಾಗದ ಕಡೆ ಹುಡುಗರು ತಮಗೆ ಬೇಕಾದ ಪದ ತುಂಬಿಕೊಂಡರು. ಶಾಲೆ, ಕಾಲೇಜುಗಳಲ್ಲಿ ‘ನಿಜವಾದ ಸಾಹಿತ್ಯ’ ಎಂದು ಪೋಲಿ ಸಾಲುಗಳ ಚೀಟಿಗಳು ಕೈಯಿಂದ ಕೈಗೆ ಓಡಾಡಿದವು. ಒಂದು ಚೀಟಿಗೂ ಇನ್ನೊಂದಕ್ಕೂ ಹೊಂದಾಣಿಕೆ ಇರಲಿಲ್ಲ. ಅಪ್ಪ ಅಮ್ಮಂದಿರು ಬೆಚ್ಚಿದರು. 1964ರ ಶುರುವಿನಲ್ಲಿ ಇಂಡಿಯಾನಾ ರಾಜ್ಯದ ಗವರ್ನರ್ ಮ್ಯಾಥ್ಯೂ ವೆಲ್ಷ್ ಇದು ಅಶ್ಲೀಲ ಎಂದು ಹೇಳಿ, ರಾಜ್ಯದ ರೇಡಿಯೋಗಳಲ್ಲಿ ಹಾಕಬೇಡಿ ಎಂದು ಕೇಳಿಕೊಂಡರು. ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ದೂರಿನ ಪತ್ರ ಹೋಯಿತು. ಅಶ್ಲೀಲ ವಸ್ತುವನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದು ಅಪರಾಧ, ಆ ಕಾನೂನಿನಡಿ ಎಫ್‌ಬಿಐ ಕೈಹಾಕಿತು. ಲ್ಯಾಬಿನಲ್ಲಿ ರೆಕಾರ್ಡನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿದರು. ಎರಡು ವರ್ಷಕ್ಕೂ ಜಾಸ್ತಿ ಕಾಲ ಹೀಗೆ ನಡೆಯಿತು. ಕೊನೆಗೆ ಬಂದ ತೀರ್ಮಾನ: ಯಾವ ವೇಗದಲ್ಲಿ ಹಾಕಿದರೂ ಮಾತು ಅರ್ಥವಾಗುವುದಿಲ್ಲ.

ನನಗೆ ಬೇಸರ ಆಗೋದು ಒಂದು ವಿಷಯಕ್ಕೆ. ಬೆರಿ ಬರೆದ ಸಾಲುಗಳು ಪ್ರಕಾಶಕರ ಬಳಿ ಅಚ್ಚುಕಟ್ಟಾಗಿದ್ದವು, ಕೇಳಿದವರಿಗೆ ಅವರು ಕೊಟ್ಟರು ಕೂಡ. ಬೆರಿಯವರದೇ ರೆಕಾರ್ಡಿನಲ್ಲಿ ಪ್ರತಿ ಪದವೂ ತಿಳಿಯಾಗಿ ಕೇಳುತ್ತಿತ್ತು. ಆದರೂ ಗಲಾಟೆ ನಿಲ್ಲಲಿಲ್ಲ. ಹಾಡಿದ ಜ್ಯಾಕ್ ಈಲಿಯನ್ನು ತನಿಖೆಯವರು ಒಮ್ಮೆಯೂ ವಿಚಾರಿಸಲಿಲ್ಲ.

ಅಷ್ಟು ಗದ್ದಲ ಆದರೂ ನಂಬರ್ ಒನ್ ಆಯಿತಾ?

ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಬಂತು, ಆರು ವಾರ ಅಲ್ಲೇ ನಿಂತಿತು. ಮೇಲೆ ಮೊದಲು ಬೆಲ್ಜಿಯಂನ ಸನ್ಯಾಸಿನಿಯೊಬ್ಬರು ಹಾಡಿದ ‘ಡೊಮಿನಿಕ್’ ಕೂತಿತ್ತು, ಆಮೇಲೆ ಬಾಬಿ ವಿಂಟನ್ ಹಾಡು. ‘ಕ್ಯಾಶ್ ಬಾಕ್ಸ್’ ಪತ್ರಿಕೆಯ ಪಟ್ಟಿಯಲ್ಲಿ ಮಾತ್ರ ಮೊದಲ ಸ್ಥಾನ ಸಿಕ್ಕಿತು. ಈ ಏರಿಕೆಗೆ ಬಾಸ್ಟನ್‌ನ ಒಬ್ಬ ರೇಡಿಯೋ ನಿರೂಪಕರ ಕೈವಾಡವೂ ಇದೆ. ‘ವಾರದ ಅತಿ ಕೆಟ್ಟ ರೆಕಾರ್ಡ್’ ಅಂತ ಹೇಳಿ ಅವರು ಇದನ್ನು ಹಾಕಿದರು. ಕೇಳಿದವರು ಅಂಗಡಿಗೆ ಓಡಿದರು.

ಬೆರಿಗೆ ಎಷ್ಟು ಹಣ ಸಿಕ್ಕಿತು?

ಆಗ, ಹೆಚ್ಚೇನೂ ಇಲ್ಲ. ಹಿಟ್ ಆಗುವ ಕೆಲವು ವರ್ಷ ಮೊದಲೇ ಮದುವೆ ಖರ್ಚಿಗೆ ಅಂತ ಹಾಡಿನ ಹಕ್ಕನ್ನು 750 ಡಾಲರ್‌ಗೆ ಮಾರಿದ್ದರು.

ಇದರ ಪೆಟ್ಟು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಕವರ್‌ನ ಲೆಕ್ಕ ಗೊತ್ತಿರಬೇಕು. ಅಮೆರಿಕದಲ್ಲಿ ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದರೆ, ಮುಂದೆ ಯಾರು ಬೇಕಾದರೂ ಅದನ್ನು ಹಾಡಿ ರೆಕಾರ್ಡ್ ಮಾಡಬಹುದು. ಹಾಡಿನ ಹಕ್ಕು ಯಾರ ಹತ್ತಿರ ಇದೆಯೋ ಅವರಿಗೆ ಪ್ರತಿಯೊಂದಕ್ಕೆ ಇಷ್ಟು ಅಂತ ಕೊಟ್ಟರಾಯಿತು. 1909ರ ಕಾನೂನು ಇಟ್ಟ ದರ ಪ್ರತಿಗೆ 2 ಸೆಂಟ್, 1978ರ ತನಕ ಅದೇ ನಡೆಯಿತು. ಹತ್ತು ಲಕ್ಷ ಪ್ರತಿ ಹೋದರೆ 20,000 ಡಾಲರ್. ಒಂದು ರೆಕಾರ್ಡಿಗೆ ಇಷ್ಟು. ಈ ಹಾಡಿಗೆ ನೂರಾರು ಕವರ್‌ಗಳು ಬಂದವು. ಬರೆದವರ ಮನೆಗೆ ಒಂದೂ ಸೇರಲಿಲ್ಲ.

1980ರ ದಶಕದ ಮಧ್ಯದಲ್ಲಿ ಬೆರಿ ಲಾಸ್ ಏಂಜಲಿಸ್‌ನಲ್ಲಿ ಅಮ್ಮನ ಮನೆಯಲ್ಲಿದ್ದರು, ಸರ್ಕಾರದ ನೆರವಿನ ಮೇಲೆ ಬದುಕುತ್ತಿದ್ದರು. ಆಗ ಪಾನೀಯದ ಕಂಪನಿಯೊಂದು ಜಾಹೀರಾತಿಗೆ ಈ ಹಾಡು ಬಳಸಲು ಹೊರಟಿತು, ಅದಕ್ಕೆ ಅವರ ಸಹಿ ಬೇಕಾಯಿತು. ಅಲ್ಲಿಂದ ವಕೀಲರ ಸಂಪರ್ಕವಾಗಿ, ಕಲಾವಿದರ ಹಕ್ಕಿಗೆ ಹೋರಾಡುವ ಸಂಸ್ಥೆಯೊಂದು ಬೆನ್ನಿಗೆ ನಿಂತಿತು. ಕೋರ್ಟಿನ ಹೊರಗೆ ರಾಜಿಯಾಗಿ ಹಕ್ಕಿನಲ್ಲಿ ಪಾಲು ವಾಪಸ್ ಬಂತು. ಅವರು ಲಕ್ಷಾಧೀಶರಾದರು. 1997ರ ಜನವರಿಯಲ್ಲಿ ತೀರಿಕೊಂಡರು. ಕೊನೆಯ ಹತ್ತು ವರ್ಷವಾದರೂ ನೆಮ್ಮದಿ ಸಿಕ್ಕಿತಲ್ಲ ಅನ್ನೋದು ಸಮಾಧಾನ. ಆದರೆ ಅದಕ್ಕೆ ಹಿಂದಿನ ಸುಮಾರು 25 ವರ್ಷ?

ಇಷ್ಟೊಂದು ಜನ ಇದನ್ನೇ ಯಾಕೆ ಹಾಡಿದರು?

ಕಲಿಯಲು ಸುಲಭ, ಕೆಡಿಸಲು ಕಷ್ಟ. ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಕಿಂಗ್ಸ್‌ಮೆನ್ ಥರ ನುಡಿಸಬೇಕಾದರೆ ಎ, ಡಿ, ಇ ಮೈನರ್, ಮತ್ತೆ ಡಿ. ಎ ಮೇಲೆ ಮೂರು ಏಟು, ಡಿ ಮೇಲೆ ಎರಡು, ಇ ಮೈನರ್ ಮೇಲೆ ಮೂರು, ಡಿ ಮೇಲೆ ಎರಡು. ಹಾಡು ಮುಗಿಯುವ ತನಕ ಇಷ್ಟೇ.

ಕರ್ನಾಟಕ ಸಂಗೀತ ಗೊತ್ತಿರುವವರಿಗೆ ಹೀಗೆ ಹೇಳಬಹುದು. ‘ಎ’ಯನ್ನು ಷಡ್ಜ ಮಾಡಿಕೊಂಡರೆ ಕಾರ್ಡ್‌ಗಳ ಬುಡ ಸ, ಮ, ಪ, ಮ. ಪಂಚಮದ ಮೇಲೆ ಮೈನರ್ ಬಂದಾಗ ಒಳಗೆ ಕೈಶಿಕಿ ನಿಷಾದ ಸೇರುತ್ತದೆ. ಅಲ್ಲಿ ಕಾಕಲಿ ನಿಷಾದ ಇಟ್ಟು ನುಡಿಸಿ ನೋಡಿ. ಹಾಡು ಒಮ್ಮೆಲೇ ಸಭ್ಯವಾಗಿ, ಸಪ್ಪೆಯಾಗಿ ಕೇಳುತ್ತದೆ. ಆ ಒಂದು ಸ್ವರ ಇಳಿದಿರುವುದೇ ಕಿಂಗ್ಸ್‌ಮೆನ್ ರೆಕಾರ್ಡಿನ ಒರಟುತನದ ಗುಟ್ಟು.

ಸಾವಿರಾರು ಕವರ್ ಇವೆ. ಯಾವುದನ್ನು ಕೇಳಲಿ?

ಬೆರಿ, ರಾಬರ್ಟ್ಸ್, ಕಿಂಗ್ಸ್‌ಮೆನ್ ಮೂವರನ್ನೂ ಇದೇ ಕ್ರಮದಲ್ಲಿ ಕೇಳಿ. ಜೊತೆಗೆ ಪಾಲ್ ರೆವಿಯರ್ ಅಂಡ್ ದಿ ರೈಡರ್ಸ್. ಕಿಂಗ್ಸ್‌ಮೆನ್ ರೆಕಾರ್ಡ್ ಮಾಡಿದ ಅದೇ ತಿಂಗಳು, ಅದೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದವರು ಅವರು. ಕಿಂಗ್ಸ್‌ಮೆನ್‌ಗಿಂತ ಶುದ್ಧವಾಗಿ ನುಡಿಸಿದ್ದಾರೆ, ಸ್ಯಾಕ್ಸೊಫೋನ್ ಚೆನ್ನಾಗಿದೆ. ಗೆದ್ದದ್ದು ಮಾತ್ರ ಗಲೀಜು ರೆಕಾರ್ಡೇ.

ಆಮೇಲೆ ಓಟಿಸ್ ರೆಡಿಂಗ್, 1964. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದ, ಊದುವ ವಾದ್ಯಗಳಾದ ಹಾರ್ನ್‌ಗಳ ಜೊತೆ ಹಾಡು ಕಪ್ಪು ಜನರ ಸಂಗೀತಕ್ಕೆ ವಾಪಸ್ ಬಂದ ಹಾಗಿದೆ. ಅದೇ ವರ್ಷ ಬೀಚ್ ಬಾಯ್ಸ್, ಕಿಂಕ್ಸ್ ಕೂಡ ಹಾಡಿದರು. ಕಿಂಕ್ಸ್ ತಂಡದ ‘ಯೂ ರಿಯಲಿ ಗಾಟ್ ಮಿ’ ಕೇಳಿ ನೋಡಿ. ಈ ತುಣುಕಿನ ಗುಂಗಿನಲ್ಲೇ ಹುಟ್ಟಿದ ಹಾಡು ಅದು.

1966ರ ಸ್ಯಾಂಡ್‌ಪೈಪರ್ಸ್ ರೆಕಾರ್ಡ್ ಬೇರೆಯದೇ ದಾರಿ. ನಿಧಾನ, ಮೆತ್ತಗೆ, ಸ್ಪ್ಯಾನಿಷ್ ಮಾತು ಬೆರೆಸಿ. ಅಮೆರಿಕದಲ್ಲಿ 30ನೇ ಸ್ಥಾನ ತಲುಪಿತು. ನಾವಿಕನ ದುಃಖ ಕೊನೆಗೂ ಒಬ್ಬರಿಗೆ ಕೇಳಿಸಿತು ಅನ್ನಿಸುತ್ತದೆ. ಜೂಲಿ ಲಂಡನ್ 1969ರಲ್ಲಿ ಇದನ್ನು ಪಿಸುಗುಟ್ಟಿದ್ದಾರೆ, ಅದನ್ನೂ ಬಿಡಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟ ಟೂಟ್ಸ್ ಅಂಡ್ ದಿ ಮೇಟಲ್ಸ್. 1970ರ ದಶಕದ ಶುರುವಿನಲ್ಲಿ, ‘ಫಂಕಿ ಕಿಂಗ್‌ಸ್ಟನ್’ ಆಲ್ಬಂಗೆ ಹಾಡಿದ್ದು. ಬೆರಿ ಲಾಸ್ ಏಂಜಲಿಸ್‌ನಲ್ಲಿ ಕೂತು ಜಮೈಕಾದ ಮಾತಿನ ಧಾಟಿ ಹಿಡಿದಿದ್ದರು. ಇಲ್ಲಿ ಜಮೈಕಾದವರೇ ಆ ಹಾಡನ್ನು ತಮ್ಮ ರೆಗೆ ತಾಳಕ್ಕೆ ಎತ್ತಿಕೊಂಡಿದ್ದಾರೆ. ಟೂಟ್ಸ್ ಹಿಬರ್ಟ್ ಅವರ ದನಿ ಐದು ನಿಮಿಷ ದಾಟಿದರೂ ದಣಿಯುವುದಿಲ್ಲ, ಕೇಳುವವರೂ ದಣಿಯುವುದಿಲ್ಲ.

ಗಡಸು ಬೇಕು ಅನ್ನುವವರಿಗೆ ಮೋಟರ್‌ಹೆಡ್ (1978), ಬ್ಲ್ಯಾಕ್ ಫ್ಲ್ಯಾಗ್ (1981). ಇಗ್ಗಿ ಪಾಪ್ ಅಂತೂ ಈ ಹಾಡನ್ನು ಜೀವನಪೂರ್ತಿ ಬಿಟ್ಟವರಲ್ಲ. 1974ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಸ್ಟೂಜಸ್ ತಂಡ ಸಿಟ್ಟಿಗೆದ್ದ ಜನರ ಮುಂದೆ, ಬಾಟಲಿಗಳು ತೂರಿ ಬರುತ್ತಿದ್ದಾಗ ಇದೇ ಹಾಡಿನಿಂದ ಕಾರ್ಯಕ್ರಮ ಮುಗಿಸಿತು. ಜನ ಹತ್ತು ವರ್ಷ ಊಹಿಸಿಕೊಂಡಿದ್ದ ಪೋಲಿ ಸಾಲುಗಳನ್ನು ಇಗ್ಗಿ ಅಲ್ಲಿ ಬಾಯಿಬಿಟ್ಟೇ ಹಾಡಿದರು. 1993ರಲ್ಲಿ ಮತ್ತೆ ಹಾಡಿದಾಗ ರಾಜಕೀಯದ ಹೊಸ ಸಾಲು ಬರೆದುಕೊಂಡರು.

ಬ್ಯಾರಿ ವೈಟ್ 1981ರಲ್ಲಿ ಹಾಡಿದ್ದು ಕುಣಿಯಲು ಚೆನ್ನ. ಫ್ಯಾಟ್ ಬಾಯ್ಸ್ ಅವರ ರ‍್ಯಾಪ್ (1988) ಒಮ್ಮೆ ಕೇಳಿದರೆ ಸಾಕು.

ಒಟ್ಟು ಎಷ್ಟು ಕವರ್ ಇರಬಹುದು?

ಸಾವಿರ ದಾಟಿ ಎಷ್ಟೋ ಆಗಿದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಕೆಎಫ್‌ಜೆಸಿ ಎಂಬ ಕಾಲೇಜು ರೇಡಿಯೋ 63 ಗಂಟೆ ಬಿಡದೆ ಬರೀ ‘ಲೂಯಿ ಲೂಯಿ’ ಹಾಕಿತು. ಆಗಲೇ 800ಕ್ಕೂ ಹೆಚ್ಚು ಬಗೆ ಸಿಕ್ಕಿದ್ದವು. ಆ ಸ್ಟುಡಿಯೋಗೆ ಬೆರಿಯೂ ಬಂದಿದ್ದರು, ಜ್ಯಾಕ್ ಈಲಿಯೂ ಬಂದಿದ್ದರು.

ವಾಷಿಂಗ್ಟನ್ ರಾಜ್ಯದ ಗೀತೆ ಇದೇನಾ?

ಅಲ್ಲ. 1985ರಲ್ಲಿ ಸಿಯಾಟಲ್‌ನ ಒಂದು ಟಿವಿ ಕಾರ್ಯಕ್ರಮ ಇದನ್ನು ನಾಡಗೀತೆ ಮಾಡಿ ಎಂದು ಎಬ್ಬಿಸಿತು. ಏಪ್ರಿಲ್ 12ನ್ನು ‘ಲೂಯಿ ಲೂಯಿ ದಿನ’ ಎಂದು ಆ ವರ್ಷ ಆಚರಿಸಿದರು. ಗೀತೆ ಮಾತ್ರ ಬದಲಾಗಲಿಲ್ಲ. ಈಗ ಅಭಿಮಾನಿಗಳು ಬೆರಿ ಹುಟ್ಟಿದ ಏಪ್ರಿಲ್ 11ನ್ನೇ ಆ ದಿನವಾಗಿ ಇಟ್ಟುಕೊಂಡಿದ್ದಾರೆ.

‘ಅನಿಮಲ್ ಹೌಸ್’ ಸಿನಿಮಾದಲ್ಲಿ ಕೇಳಿದ್ದು ಇದೇ ತಾನೇ?

ಇದೇ. 1978ರ ಸಿನಿಮಾ. ಒಂದು ಸಣ್ಣ ಎಡವಟ್ಟಿದೆ: ಕಥೆ ನಡೆಯುವುದು 1962ರಲ್ಲಿ, ಕಿಂಗ್ಸ್‌ಮೆನ್ ರೆಕಾರ್ಡ್ ಬಂದದ್ದು 1963ರಲ್ಲಿ.

ಕಿಂಗ್ಸ್‌ಮೆನ್ ಆದರೂ ಹಣ ಮಾಡಿದರಾ?

ದಶಕಗಟ್ಟಲೆ ಅವರಿಗೂ ರಾಯಲ್ಟಿ ಬರಲಿಲ್ಲ. 1990ರ ದಶಕದಲ್ಲಿ ಕೋರ್ಟಿಗೆ ಹೋದರು. 1998ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎದುರಾಳಿಗಳ ಮೇಲ್ಮನವಿ ತೆಗೆದುಕೊಳ್ಳಲು ಒಪ್ಪದೆ ಹೋದಾಗ, ತಮ್ಮ ಮೂಲ ರೆಕಾರ್ಡಿಂಗಿನ, ಅಂದರೆ ಮಾಸ್ಟರ್ ಟೇಪ್‌ಗಳ ಹಕ್ಕು ಅವರಿಗೇ ಉಳಿಯಿತು. ಜ್ಯಾಕ್ ಈಲಿಯ ಕಥೆ ಇನ್ನೂ ಕಹಿ. ಹಾಡು ಹಿಟ್ ಆಗುವ ಮೊದಲೇ ತಂಡದೊಳಗೆ ಜಗಳವಾಗಿ ಹೊರಗೆ ಹೋಗಿದ್ದರು. ಟಿವಿಯಲ್ಲಿ ಈಸ್ಟನ್ ಬಾಯಿ ಆಡಿಸುತ್ತಿದ್ದರು, ದನಿ ಈಲಿಯದು. ಅವರು 2015ರಲ್ಲಿ ತೀರಿಕೊಂಡರು.

ಬೆರಿಯವರ ಬೇರೆ ಹಾಡುಗಳು ಇವೆಯಾ?

ಖಂಡಿತ. ‘ಹ್ಯಾವ್ ಲವ್, ವಿಲ್ ಟ್ರಾವೆಲ್’ನಿಂದ ಶುರು ಮಾಡಿ. ಅದನ್ನು ಟಕೋಮಾದ ಸಾನಿಕ್ಸ್ ತಂಡ 1965ರಲ್ಲಿ ಕಿರುಚಿ ಹಾಡಿದೆ. ಎರಡನ್ನೂ ಪಕ್ಕಪಕ್ಕ ಹಾಕಿ ಕೇಳಿ. ಆಮೇಲೆ ಎಟಾ ಜೇಮ್ಸ್ ಹಾಡಿನಲ್ಲಿ ಹೆನ್ರಿಯ ದನಿ ಹುಡುಕಿ. ಈಗ ಅದು ಯಾರದು ಅಂತ ನಿಮಗೆ ಗೊತ್ತಿದೆ.